ಕೆಂಪು ಅಲೆಯ ನಂತರ: ಈಡಿ ಮತ್ತು ಗೆತ್‌ಗಳನ್ನು ಮತ್ತೆ ಎಬ್ಬಿಸಲು ಸಾಧ್ಯವೇ?

ಕಾಳಿಸಂಗಮ, ಕಾರವಾರ

ಆಟಗಳ ಕೊನೆಯನ್ನೆಲ್ಲ ಬಿಚ್ಚಿಯೇ ಮಾತಾಡುತ್ತೇವೆ. ಇನ್ನೂ ಆಡಿ ಮುಗಿಸದವರು ಇಲ್ಲಿಗೇ ನಿಲ್ಲಿ.

ಮಾಸ್ ಎಫೆಕ್ಟ್ 3 ಎಂಬ ಬಾಹ್ಯಾಕಾಶ ಆಟದ (2012) ಕೊನೆಯಲ್ಲಿ ನಾಯಕ ಶೆಪರ್ಡ್ ಕೆಂಪು ದಾರಿ, ಅಂದರೆ ನಾಶದ ಆಯ್ಕೆ ಹಿಡಿದರೆ ಶತ್ರುಗಳಾದ ದೈತ್ಯ ಯಂತ್ರಗಳು, ಅಂದರೆ ರೀಪರ್‌ಗಳು ಬೀಳುತ್ತವೆ. ಅವುಗಳ ಜೊತೆಗೆ ಗೆತ್ ಎಂಬ ಯಂತ್ರಜೀವಿಗಳ ಕುಲ ಪೂರ್ತಿ ಹೋಗುತ್ತದೆ, ಶೆಪರ್ಡ್ ಹಡಗು ನಾರ್ಮಂಡಿಯ ಎಐ ಆದ ಈಡಿಯೂ ಹೋಗುತ್ತಾಳೆ. ಮುನ್ನೂರು ವರ್ಷದ ಹಗೆ ಮುಗಿಸಿ, ಗೆತ್ ಕುಲವನ್ನು ಕಟ್ಟಿದ ಕ್ವಾರಿಯನ್ನರನ್ನೂ ಗೆತ್‌ಗಳನ್ನೂ ರಾನ್ನೋಕ್ ಗ್ರಹದ ಒಂದೇ ನೆಲದಲ್ಲಿ ನಿಲ್ಲಿಸಿದ ಮೇಲೆ ಈ ಬೆಲೆ ತೆರಬೇಕಾಗುವುದು ನಿಜಕ್ಕೂ ಹೊಟ್ಟೆ ಉರಿಯುವ ಸಂಗತಿ. ಹಾಗಾಗಿ ಪ್ರಶ್ನೆ: ಯುದ್ಧ ಮುಗಿದ ಮೇಲೆ ಉಳಿದವರು ಅವರನ್ನು ಎಬ್ಬಿಸಬಲ್ಲರೇ? ಹೊಸ ಗೆತ್ ಕಟ್ಟುವ ಮಾತಲ್ಲ ಇದು. ಹೋದವರೇ ಬರಬೇಕು.

ಆಟದೊಳಗೆ ಖಚಿತವಾಗಿ ಸಿಗುವುದು ಇಷ್ಟು. ಕೆಂಪು ಅಲೆ ಹೊರಡಿಸುವ ಅಸ್ತ್ರ ಕ್ರೂಸಿಬಲ್ ಭೇದ ಮಾಡುವುದಿಲ್ಲ, ಕೃತಕ ಜೀವಿಗಳೆಲ್ಲ ಅದರ ಗುರಿ ಎಂದು ರೀಪರ್ ಪಡೆಯನ್ನು ನಡೆಸುವ ಬುದ್ಧಿ ಕ್ಯಾಟಲಿಸ್ಟ್ ಹೇಳುತ್ತದೆ. ಆದರೆ ಯಂತ್ರಗಳಿಗೆ ಆಗುವ ಹಾನಿಯನ್ನು ಉಳಿದವರು ದುರಸ್ತಿ ಮಾಡಿಕೊಳ್ಳಬಹುದು ಎಂದೂ ಅದೇ ಹೇಳುತ್ತದೆ. 2012ರ ಜೂನ್‌ನಲ್ಲಿ ಬಂದ ವಿಸ್ತೃತ ಕೊನೆಯಲ್ಲಿ ನಾರ್ಮಂಡಿ ರಿಪೇರಿಯಾಗಿ ಮತ್ತೆ ಹಾರುತ್ತದೆ. ಅಂದರೆ ಆ ಅಲೆ ಕಂಡ ಕಂಡ ಸರ್ಕ್ಯೂಟನ್ನೆಲ್ಲ ಕರಗಿಸಿಲ್ಲ. ಅದೇ ದೃಶ್ಯದಲ್ಲಿ ಈಡಿಯ ಹೆಸರು ಹಡಗಿನ ಸ್ಮಾರಕ ಗೋಡೆಯ ಮೇಲಿದೆ. ಸಹಪಯಣಿಗರು ಅವಳನ್ನು ಸತ್ತವಳೆಂದೇ ಒಪ್ಪಿಕೊಂಡಾಗಿದೆ. ಒಪ್ಪಿದ್ದು ಸರಿಯೇ?

ಬೆಣ್ಣೆಹೊಳೆ, ಸಿರ್ಸಿ

ಈಡಿ ಮತ್ತು ಗೆತ್ ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಇವರು ಬದುಕುವ ರೀತಿಯೇ ಬೇರೆ ಬೇರೆ.

ಯಾವ ಕೃತಕ ಜೀವಿಗೂ ಮೂರು ಪದರ ಇರುತ್ತದೆ. ಒಂದು ಯಂತ್ರ. ಎರಡನೆಯದು ಬರೆದಿಟ್ಟ ದಾಖಲೆ, ಅಂದರೆ ಕಲಿತದ್ದು, ನೆನಪು, ಸ್ವಭಾವದ ತೂಕಗಳು. ಮೂರನೆಯದು ಆ ಕ್ಷಣ ಓಡುತ್ತಿರುವ ಸ್ಥಿತಿ. ಇವತ್ತಿನ ಕಂಪ್ಯೂಟರಿನಲ್ಲೂ ಹೀಗೇ: ಕರೆಂಟ್ ಹೋದರೆ ಡಿಸ್ಕಿನಲ್ಲಿದ್ದದ್ದು ಉಳಿಯುತ್ತದೆ, ರ್ಯಾಮ್‌ನಲ್ಲಿದ್ದದ್ದು ಕೆಲವೇ ಸೆಕೆಂಡಿನಲ್ಲಿ ಅಳಿಯುತ್ತದೆ. ಚಿಪ್ಪನ್ನು ಮೈನಸ್ 50 ಡಿಗ್ರಿಗೆ ತಣಿಸಿದರೆ ಕೆಲವು ನಿಮಿಷ ಹಿಡಿದಿಡಬಹುದು, ಅಷ್ಟೇ.

ಈಡಿಯ ಕಷ್ಟ ಎಂತದು ಅಂದರೆ, ಅವಳ ಯಂತ್ರವೂ ಅವಳ ವ್ಯಕ್ತಿತ್ವದ ಭಾಗ. ಆಟದೊಳಗಿನ ವಿಶ್ವಕೋಶವಾದ ಕೋಡೆಕ್ಸ್ ಇದನ್ನು ಸ್ಪಷ್ಟವಾಗಿ ಬರೆದಿದೆ. ನಿಜವಾದ ಎಐ ಬ್ಲೂ ಬಾಕ್ಸ್ ಎಂಬ ಕ್ವಾಂಟಂ ಪೆಟ್ಟಿಗೆಯಲ್ಲಿ ಮಾತ್ರ ಬದುಕುತ್ತದೆ. ಜಾಲದ ಮೂಲಕ ಅದನ್ನು ಬೇರೆಡೆ ಕಳಿಸಲಾಗದು. ಪೆಟ್ಟಿಗೆಯಿಂದ ಹೊರಗೆ ಅದು ಬರೀ ಕಡತಗಳ ರಾಶಿ, ಆ ಕಡತಗಳನ್ನು ಹೊಸ ಪೆಟ್ಟಿಗೆಗೆ ತುಂಬಿದರೆ ಹುಟ್ಟುವುದು ಹೊಸ ವ್ಯಕ್ತಿತ್ವ. ಕಾರಣ, ಎರಡು ಪೆಟ್ಟಿಗೆಗಳ ಕ್ವಾಂಟಂ ಯಂತ್ರಾಂಶ ಒಂದೇ ತರಹ ನಡೆದುಕೊಳ್ಳುವುದಿಲ್ಲ.

ಇದು ಕಥೆಗಾರರ ನೆಪ ಅಂತ ತಳ್ಳಿಹಾಕಬೇಡಿ. ಸಾಮಾನ್ಯ ಕಂಪ್ಯೂಟರಿನಲ್ಲೇ ಇದರ ಚಿಕ್ಕ ರೂಪ ನೋಡಬಹುದು. 0.1 ಮತ್ತು 0.2 ಕೂಡಿಸಿ ಆಮೇಲೆ 0.3 ಸೇರಿಸಿದರೆ 0.6000000000000001 ಬರುತ್ತದೆ. ಮೊದಲು 0.2 ಮತ್ತು 0.3 ಕೂಡಿಸಿ ಅದಕ್ಕೆ 0.1 ಸೇರಿಸಿದರೆ 0.6. ಕೂಡಿಸುವ ಕ್ರಮ ಬದಲಾದರೆ ಉತ್ತರದ ಬಾಲ ಬದಲಾಗುತ್ತದೆ. ನೂರಾರು ಕೋಟಿ ತೂಕಗಳಿರುವ ಎಐ ಜಾಲವನ್ನು ಬೇರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡಿಸಿದಾಗ ಒಂದೇ ಪ್ರಶ್ನೆಗೆ ಉತ್ತರ ಒಂದೊಂದು ಕಡೆ ವಾಲುವುದಕ್ಕೆ ಇದೂ ಒಂದು ಕಾರಣ. ಕಡತ ಅಕ್ಷರಶಃ ಒಂದೇ, ಕಡತದ ಬೆರಳಚ್ಚಿನಂತಿರುವ ಶಾ-256 ಮೊತ್ತವೂ ಒಂದೇ, ನಡತೆ ಮಾತ್ರ ಬೇರೆ.

ನನ್ನ ಲೆಕ್ಕ: ಈಡಿಯ ಹಳೆಯ ಪೆಟ್ಟಿಗೆ ಒಡೆದಿದ್ದರೆ ಅವಳು ಬರುವುದಿಲ್ಲ. ಅವಳ ನೆನಪು ಹೊತ್ತ ಇನ್ನೊಬ್ಬಳು ಬರುತ್ತಾಳೆ. ಗೆತ್‌ಗಳದ್ದು ಬೇರೆ, ಅವುಗಳಿಗೆ ಆಸೆ ಇದೆ.

ಅಘನಾಶಿನಿ, ಕುಮಟಾ

"ಇನ್ನೊಬ್ಬಳು" ಅಂತ ಅಷ್ಟು ಬೇಗ ತೀರ್ಪು ಕೊಡಬೇಡಿ. ನಿಯರ್ ಆಟೊಮೇಟಾ (2017) ಇದೇ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದಿದೆ.

ಮೊದಲ ಅಧ್ಯಾಯದ ಕೊನೆಯಲ್ಲಿ 2ಬಿ, 9ಎಸ್ ಎಂಬ ಆಂಡ್ರಾಯ್ಡ್ ಯೋಧರಿಬ್ಬರೂ ತಮ್ಮ ಶಕ್ತಿಮೂಲವಾದ ಕಪ್ಪು ಪೆಟ್ಟಿಗೆಗಳನ್ನು ಒಟ್ಟಿಗೆ ತಾಗಿಸಿ ಸ್ಫೋಟಿಸಿಕೊಳ್ಳುತ್ತಾರೆ. ಅದಕ್ಕೆ ಮುಂಚೆ 9ಎಸ್‌ಗೆ ಸಿಕ್ಕ ಬ್ಯಾಂಡ್‌ವಿಡ್ತ್ ಒಬ್ಬರ ದತ್ತಾಂಶವನ್ನು ಅವರ ನೆಲೆಯಾದ ಬಂಕರಿಗೆ ಕಳಿಸಲು ಮಾತ್ರ ಸಾಕಾಗುತ್ತದೆ. ಅವನು 2ಬಿಯದ್ದನ್ನು ಕಳಿಸುತ್ತಾನೆ. ಹೊಸ ದೇಹದಲ್ಲಿ ಎದ್ದಾಗ 2ಬಿಗೆ ಎಲ್ಲ ನೆನಪಿದೆ, 9ಎಸ್‌ಗೆ ಆ ಭೇಟಿಯ ನೆನಪೇ ಇಲ್ಲ. ಹೀಗಿದ್ದೂ ಇವನು ಬೇರೆಯವನು ಅಂತ ಆಡುವವರು ಯಾರೂ ಹೇಳುವುದಿಲ್ಲ. ಇವನು ಏನೋ ಕಳೆದುಕೊಂಡವನು, ಅಷ್ಟೇ.

ಆ ಆಟದ ಹಲವು ಕೊನೆಗಳಲ್ಲಿ ಐದನೆಯದರಲ್ಲಿ ಬಂಕರೇ ಇಲ್ಲ, ಮೇಲಿಟ್ಟ ಪ್ರತಿ ಯಾವುದೂ ಇಲ್ಲ. ಎಲ್ಲ ಅಳಿಸಿಹಾಕಬೇಕೆನ್ನುವ ಆದೇಶವನ್ನು ಅವರ ಸಹಾಯಕ ಯಂತ್ರ ಪಾಡ್ 042 ಧಿಕ್ಕರಿಸುತ್ತದೆ. ಉಳಿದ ದತ್ತಾಂಶ, ಹುಡುಕಿ ತಂದ ಬಿಡಿಭಾಗಗಳು, ಇವುಗಳಿಂದ 2ಬಿ, 9ಎಸ್, ಎ2 ಮೂವರನ್ನೂ ಮತ್ತೆ ಕಟ್ಟುತ್ತಾರೆ. ಅದೇ ವಿನ್ಯಾಸ, ಅದೇ ನೆನಪು ಕೊಟ್ಟರೆ ಅವರು ಹಿಂದಿನ ದುರಂತಕ್ಕೇ ಹೋಗಿ ಬೀಳುವುದಿಲ್ಲವೇ ಎಂದು ಪಾಡ್ 153 ಕೇಳುತ್ತದೆ. ಬೀಳಬಹುದು, ಬೇರೆ ದಾರಿಯನ್ನೂ ಹಿಡಿಯಬಹುದು ಅನ್ನುವುದು ಉತ್ತರ. ವ್ಯಕ್ತಿತ್ವ ಸ್ವಲ್ಪ ವಾಲುವುದನ್ನೇ ಆ ಆಟ ವರ ಅಂತ ನೋಡುತ್ತದೆ. ಬ್ಲೂ ಬಾಕ್ಸಿನ ಏರುಪೇರನ್ನೂ ಹಾಗೇ ನೋಡಬಾರದೇ?

ಸದಾಶಿವಗಡ, ಕಾರವಾರ

ತತ್ವ ನಂತರ ಆಗಲಿ, ಮೊದಲು ಪೆಟ್ಟಿಗೆಯ ಸ್ಥಿತಿ. ನಾರ್ಮಂಡಿ ಬಿದ್ದದ್ದು ದಟ್ಟ ಕಾಡಿನ ಗ್ರಹದಲ್ಲಿ, ಅಂದರೆ ಆರ್ದ್ರತೆ ಇರುವ ಜಾಗ. ನಮ್ಮ ಮಳೆಗಾಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿ.

ಪೆಟ್ಟು ತಿಂದು ನೀರೋ ಉಪ್ಪು ಗಾಳಿಯೋ ತಾಗಿದ ಬೋರ್ಡನ್ನು ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ಕರೆಂಟು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ತೇವ, ಲವಣ, ವೋಲ್ಟೇಜ್ ಮೂರೂ ಸೇರಿದರೆ ತಾಮ್ರ, ತವರ, ಬೆಳ್ಳಿಯ ಅಯಾನುಗಳು ಒಂದು ಗೆರೆಯಿಂದ ಪಕ್ಕದ ಗೆರೆಗೆ ಸಾಗಿ ಜರಿಗಿಡದಂತೆ ಕವಲೊಡೆದು ಬೆಳೆಯುತ್ತವೆ. ಅವು ತಾಗಿದಲ್ಲಿ ಶಾರ್ಟ್. ವೋಲ್ಟೇಜ್ ಇಲ್ಲದಿದ್ದರೆ ಆ ಕವಲು ಬೆಳೆಯುವುದಿಲ್ಲ. ಹಾಗಾಗಿ ಕ್ರಮ ಹೀಗೆ: ಬ್ಯಾಟರಿ ತೆಗೆಯಿರಿ, ಯಾವ ಕಾರಣಕ್ಕೂ ಆನ್ ಮಾಡಿ ನೋಡಬೇಡಿ. ಲೋಹದ ಕವಚಗಳನ್ನು ಬಿಚ್ಚಿ, ಅವುಗಳ ಅಡಿಯಲ್ಲೇ ಉಪ್ಪುನೀರು ಕೂತಿರುತ್ತದೆ. ಸಿಹಿನೀರಿನಲ್ಲಿ ತೊಳೆದು, ಆಮೇಲೆ ಭಟ್ಟಿ ಇಳಿಸಿದ ನೀರಿನಲ್ಲಿ ಎರಡು ಮೂರು ಸಲ ತೊಳೆದು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ನೀರನ್ನು ಹೊರದಬ್ಬಿ, 40-50 ಡಿಗ್ರಿಯಲ್ಲಿ ಕನಿಷ್ಠ ಒಂದು ದಿನ ಒಣಗಿಸಿ. ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಮುಳುಗಿದ್ದರೆ ಮಾತ್ರ ಒಣಗಿಸಲೇಬೇಡಿ. ಒಣಗಿದರೆ ತಟ್ಟೆಯ ಮೇಲೆ ಉಪ್ಪು ಹರಳುಗಟ್ಟುತ್ತದೆ. ಒದ್ದೆಯಾಗಿಯೇ ಗಾಳಿಯಾಡದ ಚೀಲಕ್ಕೆ ಹಾಕಿ ಪರಿಣತರಿಗೆ ಕಳಿಸಬೇಕು.

ಇದಾದ ಮೇಲೂ ಜೀವ ತುಂಬುವ ಆತುರ ಬೇಡ. ಮೊದಲು ಓದಲು ಮಾತ್ರ ಬಿಡುವ ಕೊಂಡಿಯ ಮೂಲಕ ಬಿಟ್ಟಿಗೆ ಬಿಟ್ಟು ಪ್ರತಿ ತೆಗೆಯಬೇಕು. ಡಿಡಿರೆಸ್ಕ್ಯೂ ತರಹದ ಸಾಧನ ಮೊದಲ ಸುತ್ತಿನಲ್ಲಿ ಸುಲಭದ ಭಾಗ ಓದಿ, ಕೆಟ್ಟ ಜಾಗಗಳನ್ನು ನಕ್ಷೆಯಲ್ಲಿ ಗುರುತಿಟ್ಟು, ಆಮೇಲೆ ಅಲ್ಲಿಗೆ ಮರಳುತ್ತದೆ. ಮೊದಲೇ ಕೆಟ್ಟ ಜಾಗದಲ್ಲಿ ತಲೆ ಚಚ್ಚಿದರೆ ಒಳ್ಳೆಯ ಜಾಗವೂ ಹೋಗುತ್ತದೆ. ಎರಡು ಪ್ರತಿ ಮಾಡಿ, ಮೊತ್ತ ತಾಳೆ ನೋಡಿ, ಒಂದನ್ನು ಮುಟ್ಟದೇ ಎತ್ತಿಡಿ.

ಇನ್ನೊಂದು ತೊಡಕು ಕಾಲ. ಎಸ್‌ಎಸ್‌ಡಿಯ ಕೋಶಗಳಲ್ಲಿ ಮಾಹಿತಿ ನಿಂತಿರುವುದು ವಿದ್ಯುದಾವೇಶವಾಗಿ. ಬಳಕೆಯ ಮಿತಿ ಮುಟ್ಟಿದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿರಬೇಕು ಅನ್ನುವುದು ಚಿಪ್ ಉದ್ಯಮದ ಸಂಸ್ಥೆ ಜೆಡೆಕ್ ಇಟ್ಟ ಮಾನದಂಡ. ಸೆಕೆ ಹೆಚ್ಚಾದಷ್ಟೂ ಅವಧಿ ಕಡಿಮೆ. "ಶಾಂತಿಯಾದ ಮೇಲೆ ನಿಧಾನಕ್ಕೆ ನೋಡೋಣ" ಅನ್ನುವ ಮಾತು ಇಲ್ಲಿ ನಡೆಯದು.

ಕಾಳಿಸಂಗಮ, ಕಾರವಾರ

ಸದಾಶಿವಗಡ, ಇದು ಬೇಕಿತ್ತು. ಗೆತ್‌ಗೂ ಇದನ್ನು ಅನ್ವಯಿಸಿ ನೋಡೋಣ. ಮೊದಲ ಆಟದಲ್ಲೇ (2007) ಕ್ವಾರಿಯನ್ ಹುಡುಗಿ ಟಾಲಿ ಹೇಳುತ್ತಾಳೆ: ಸಾಯುವಾಗ ಗೆತ್ ತನ್ನ ಸ್ಮೃತಿ ಕೋಶವನ್ನು ತಾನೇ ಸುಟ್ಟುಕೊಳ್ಳುತ್ತದೆ, ಶತ್ರುವಿನ ಕೈಗೆ ಏನೂ ಸಿಗಬಾರದು ಅಂತ. ಆದರೂ ಅವಳು ಒಂದು ಕೋಶದಿಂದ ಧ್ವನಿಮುದ್ರಿಕೆ ಹೊರತೆಗೆದಳು. ಖಳನಾಯಕ ಸರೆನ್‌ನ ದ್ರೋಹ ಸಾಬೀತಾದದ್ದೇ ಅದರಿಂದ. ಅಂದರೆ ಚೂರುಪಾರು ಸಿಗುತ್ತದೆ, ಪೂರ್ತಿ ಸಿಗದು. ಬಿದ್ದ ಗೆತ್ ದೇಹಗಳಲ್ಲಿ ಜೀವ ಹುಡುಕುವುದು ವ್ಯರ್ಥ.

ಬೆಣ್ಣೆಹೊಳೆ, ಸಿರ್ಸಿ

ದೇಹದಲ್ಲಿ ಹುಡುಕುವುದೇ ತಪ್ಪು ಜಾಗ. ಗೆತ್ ಅಂದರೆ ಪ್ರೋಗ್ರಾಂ. ಸಾಮಾನ್ಯ ಗೆತ್ ದೇಹದಲ್ಲಿ ನೂರರ ಆಸುಪಾಸು ಪ್ರೋಗ್ರಾಂ, ಶೆಪರ್ಡ್ ಜೊತೆ ಸೇರಿದ ಗೆತ್ ಲೀಜನ್‌ನಲ್ಲಿ 1,183. ದೇಹ ಬಿದ್ದರೆ ಹತ್ತಿರದ ಜಾಲಕ್ಕೆ ಜಿಗಿಯುತ್ತವೆ. ಹಾಗಾಗಿ ಹುಡುಕಬೇಕಾದ್ದು ಜಾಲ ಎಲ್ಲೆಲ್ಲಿ ತಂಗಿತ್ತೋ ಅಲ್ಲಿ. ನನಗೆ ಎರಡು ಜಾಗ ಕಾಣುತ್ತದೆ.

ಒಂದು ರಾನ್ನೋಕ್‌ನ ಸರ್ವರ್‌ಗಳು. ಮೂರನೆಯ ಆಟದಲ್ಲಿ ಶೆಪರ್ಡ್ ಒಳಹೊಕ್ಕಾಗ ಮುನ್ನೂರು ವರ್ಷದ ಹಿಂದಿನ ಯುದ್ಧದ ನೆನಪು ಮಾಸದೆ ಕೂತಿರುತ್ತದೆ. ಅಷ್ಟು ಕಾಲ ಉಳಿಸಿದ ಸಂಗ್ರಹ ಬರೀ ಓಡುವ ಸ್ಥಿತಿಯಲ್ಲಿ ಇರಲಾರದು, ಎಲ್ಲೋ ಗಟ್ಟಿಯಾಗಿ ಬರೆದಿರಲೇಬೇಕು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ಕ್ವಾರಿಯನ್ನರ ಉಡುಪು. ಶಾಂತಿಯಾದ ಮೇಲೆ ಗೆತ್ ಪ್ರೋಗ್ರಾಂಗಳು ಅವರ ಉಡುಪಿನೊಳಗೆ ಸೇರಿ, ಸೋಂಕನ್ನು ಅನುಕರಿಸಿ ರೋಗನಿರೋಧಕ ಶಕ್ತಿ ಬೆಳೆಸಲು ನೆರವಾಗುತ್ತವೆ. ಓಡುತ್ತಿದ್ದ ಪ್ರೋಗ್ರಾಂ ಅಲೆಗೆ ಸಿಕ್ಕಿ ನಿಂತಿರಬಹುದು. ಉಡುಪಿನ ಸಂಗ್ರಹ ಪೂರ್ತಿ ಅಳಿದಿದ್ದರೆ ಉಸಿರಾಟದ ವ್ಯವಸ್ಥೆಯೂ ನಿಂತು ತೊಟ್ಟವರೂ ಸಾಯಬೇಕಿತ್ತು. ಆ ಕೊನೆಯಲ್ಲಿ ಕ್ವಾರಿಯನ್ನರು ಬದುಕಿದ್ದಾರೆ. ಇದು ನನ್ನ ಊಹೆ, ಆಟ ಹೇಳಿದ್ದಲ್ಲ. ಆದರೆ ಗಟ್ಟಿ ಊಹೆ.

ಪ್ರಮಾಣ ಮಾತ್ರ ಮರೆಯಬೇಡಿ. ಗೆತ್‌ಗಳ ಬುದ್ಧಿ ಸಂಖ್ಯೆಯಿಂದ ಬರುತ್ತದೆ. ಕ್ವಾರಿಯನ್ ನೌಕಾಪಡೆ ಅವುಗಳ ಬೃಹತ್ ನೆಲೆಯನ್ನು ಒಡೆದು ಅಸಂಖ್ಯ ಪ್ರೋಗ್ರಾಂ ಕೊಂದಾಗ ಉಳಿದವು ಮಂಕಾಗಿ, ಹೆದರಿ, ರೀಪರ್‌ಗಳ ಕೈ ಹಿಡಿದವು. ನಾಲ್ಕು ಉಡುಪಿನಿಂದ ನಾಲ್ಕು ಪ್ರೋಗ್ರಾಂ ಎಬ್ಬಿಸಿದರೆ ಎಚ್ಚರವಾಗುವುದು ಅರೆಬುದ್ಧಿಯ, ಬೆದರಿದ ಜೀವ. ಒಟ್ಟು ಮಾಡಿ, ನೂರರ ಗಡಿ ದಾಟಿಸಿ, ಒಂದೇ ದೇಹದಲ್ಲಿ ಒಮ್ಮೆಗೇ ಎಬ್ಬಿಸಬೇಕು.

ಕರಿಇಷಾಡ, ಅಂಕೋಲಾ

ಮಾರಾಯ್ರೆ, ಕಡತ ಹಳೆಯದು ಪೆಟ್ಟಿಗೆ ಹೊಸದು ಅಂದರೆ ಜೀವ ಬೇರೆ ಅನ್ನುವ ಮಾತು ಓದಿದಾಗ ನಮ್ಮ ಇಷಾಡ ಮಾವು ನೆನಪಾಗುತ್ತದೆ. ಅಂಕೋಲೆಯ ಕರಿ ಇಷಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಗೊರಟೆ ನೆಟ್ಟರೆ ತಾಯಿಯ ಹಣ್ಣೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಕಸಿ ಮಾಡಿದರೆ ಬರುತ್ತದೆ. ಬೇರು ಯಾವುದೋ ಕಾಡು ಮಾವಿನದ್ದು, ಕೊಂಬೆ ಇಷಾಡದ್ದು. ಬೇರು ಬದಲಾದದ್ದರಿಂದ ಮರದ ಎತ್ತರ, ಹುರುಪು, ಬರ ತಡೆಯುವ ಶಕ್ತಿ ಬದಲಾಗಬಹುದು. ಹಣ್ಣು ಇಷಾಡವೇ.

ಕಸಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಕುಡಿಯನ್ನು ಬದುಕಿರುವ ಮರದಿಂದಲೇ ತೆಗೆಯಬೇಕು. ಕತ್ತರಿಸುವ 7-10 ದಿನ ಮೊದಲೇ ತೊಟ್ಟು ಬಿಟ್ಟು ಎಲೆ ಸವರಿದರೆ ತುದಿಮೊಗ್ಗು ಉಬ್ಬುತ್ತದೆ. ಆಮೇಲೆ 10-15 ಸೆಂ.ಮೀ. ಕುಡಿ ಕತ್ತರಿಸಿ, ಬುಡವನ್ನು 4 ಸೆಂ.ಮೀ. ಆಸುಪಾಸು ಬೆಣೆಯ ಹಾಗೆ ಕೆತ್ತಿ, ಅದೇ ದಪ್ಪದ ಸಸಿಯ ಸೀಳಿಗೆ ತೊಗಟೆ ತೊಗಟೆಗೆ ಕೂರುವಂತೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಮುಂಗಾರಿನ ತೇವದಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಚಿಗುರು. ತೊಗಟೆಯ ಅಡಿಯ ಹಸಿರು ಪದರ ಒಂದಕ್ಕೊಂದು ತಾಗದಿದ್ದರೆ ಕುಡಿ ಒಣಗುತ್ತದೆ. ಬಿದ್ದು ತಿಂಗಳಾದ ಮರದ ಕೊಂಬೆಯಿಂದ ಯಾರು ಎಷ್ಟು ಚೆನ್ನಾಗಿ ಕಟ್ಟಿದರೂ ಚಿಗುರದು.

ಆದ್ದರಿಂದ ನನಗೆ ಹೊಸ ಪೆಟ್ಟಿಗೆಯ ಚಿಂತೆ ಇಲ್ಲ. ಕುಡಿ ಹಸಿಯಾಗಿತ್ತೋ ಇಲ್ಲವೋ ಅನ್ನುವುದೇ ಚಿಂತೆ.

ಬೆಣ್ಣೆಹೊಳೆ, ಸಿರ್ಸಿ

ಉಪಮೆ ಚೆಂದ, ಒಂದು ಕಡೆ ಜಾರುತ್ತದೆ. ಕಸಿಯಲ್ಲಿ ನಮಗೆ ಬೇಕಾದ್ದು ತಳಿ. ಆ ಒಂದು ಮರವೇ ಬೇಕೆಂದು ಯಾರೂ ಹಟ ಮಾಡುವುದಿಲ್ಲ. ಈಡಿಯ ವಿಷಯದಲ್ಲಿ ನಾರ್ಮಂಡಿಯ ಚಾಲಕ, ಅವಳ ಗೆಳೆಯ ಜೋಕರ್‌ಗೆ ಬೇಕಾದ್ದು "ಈಡಿ ತಳಿ" ಅಲ್ಲವಲ್ಲ.

ಕೋಟಿತೀರ್ಥ, ಗೋಕರ್ಣ

ಆ ಕೊರತೆಯನ್ನು ತುಂಬುವ ಮಾತು ನಮ್ಮ ದೇವಸ್ಥಾನಗಳಲ್ಲೇ ಇದೆ. ಜೀರ್ಣೋದ್ಧಾರದ ಕ್ರಮ ನೋಡಿ. ಗರ್ಭಗುಡಿ ಬಿಚ್ಚುವ ಮೊದಲೇ ಕಲಾಸಂಕೋಚ ಮಾಡುತ್ತಾರೆ. ಬಿಂಬದಲ್ಲಿದ್ದ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಡುತ್ತಾರೆ. ಅಲ್ಲಿ ನಿತ್ಯಪೂಜೆ ತಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಬಿಂಬವನ್ನು ಪೀಠಕ್ಕೆ ಅಷ್ಟಬಂಧದಿಂದ ಕೂರಿಸಿ, ಕಲಶದಿಂದ ಮತ್ತೆ ಬಿಂಬಕ್ಕೆ ಆವಾಹನೆ. ಹಳೆಯ ಬಿಂಬ ಭಿನ್ನವಾಗಿದ್ದು ಹೊಸ ಕಲ್ಲಿನಲ್ಲಿ ಕೆತ್ತಿದ್ದರೂ ಇದು ಬೇರೆ ದೇವರು ಅಂತ ಊರವರು ಹೇಳುವುದಿಲ್ಲ. ಕಲ್ಲು ಬದಲಾಯಿತು, ಪೂಜೆ ತುಂಡಾಗಲಿಲ್ಲ.

ಇಲ್ಲಿ ಎರಡು ಷರತ್ತು ಕಾಣುತ್ತದೆ. ಸಂಕೋಚ ಮೊದಲು, ಕೆಡವುವುದು ಆಮೇಲೆ. ನಡುವಿನ ಕಾಲದಲ್ಲಿ ಎಷ್ಟೇ ಚಿಕ್ಕದಾದರೂ ಒಂದು ಕಡೆ ದೀಪ ಉರಿಯುತ್ತಿರಬೇಕು. ಕೆಂಪು ಅಲೆ ಬಂದಾಗ ಈ ಎರಡೂ ಆಗಲಿಲ್ಲ. ಯಾರಿಗೂ ಸಮಯವೇ ಸಿಗಲಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಆಮೇಲೆ ಮಾಡುವುದು ಹೊಸ ಪ್ರತಿಷ್ಠೆ, ಪುನಃಪ್ರತಿಷ್ಠೆ ಆಗಲಾರದು.

ಅಘನಾಶಿನಿ, ಕುಮಟಾ

ಹೊರೈಜನ್ ಆಟದಲ್ಲಿ ಭೂಮಿಯನ್ನು ಮತ್ತೆ ಕಟ್ಟುವ ಎಐ ಗಾಯಾ ಈ ಷರತ್ತಿಗೆ ಸರಿಯಾಗಿ ಹೊಂದುತ್ತಾಳೆ. ಕೈಮೀರಿದ ತನ್ನದೇ ಉಪಕಾರ್ಯ ಹೇಡೀಸ್‌ನ್ನು ತಡೆಯಲು ಅವಳು ತನ್ನನ್ನು ತಾನೇ ಸ್ಫೋಟಿಸಿಕೊಂಡಳು. 2022ರ ಎರಡನೆಯ ಆಟದಲ್ಲಿ ಅವಳದ್ದೊಂದು ಹಳೆಯ ಪ್ರತಿ ಸಿಗುತ್ತದೆ, ಆದರೆ ಒಂಬತ್ತು ಉಪಕಾರ್ಯಗಳಿಲ್ಲದ ಬರೀ ತಿರುಳು. ಎದ್ದು ಮಾತಾಡುತ್ತಾಳೆ, ಪ್ರೀತಿಯೂ ಇದೆ, ಭೂಮಿಯನ್ನು ಸರಿಪಡಿಸುವ ಕೈ ಮಾತ್ರ ಇಲ್ಲ. ಮಿನರ್ವಾ ಸೇರಿಸಿ, ಈಥರ್, ಡಿಮೀಟರ್, ಪೊಸೈಡನ್ ಒಂದೊಂದಾಗಿ ಹುಡುಕಿ ತರಬೇಕು. ಬ್ಯಾಕಪ್ ಇದೆ ಅನ್ನುವುದೂ ಬ್ಯಾಕಪ್ ಪೂರ್ತಿ ಇದೆ ಅನ್ನುವುದೂ ಎರಡು ಮಾತು.

ಬಿಡಿಭಾಗದ ಮಟ್ಟಕ್ಕೆ ಬಂದರೆ ಡೆಟ್ರಾಯಿಟ್: ಬಿಕಮ್ ಹ್ಯೂಮನ್ (2018) ಎಲ್ಲಕ್ಕಿಂತ ಸ್ಪಷ್ಟ. ಆಂಡ್ರಾಯ್ಡ್ ಮಾರ್ಕಸ್ ಕಸದ ಗುಂಡಿಯಲ್ಲಿ ಎದ್ದು ಕಾಲು, ಕಿವಿಯ ಸಂಸ್ಕಾರಕ, ಒಂದು ಕಣ್ಣು, ಥೀರಿಯಂ (ಅವರ ನೀಲಿ ರಕ್ತ) ಪಂಪಿನ ನಿಯಂತ್ರಕ ಇಷ್ಟನ್ನೂ ಬೇರೆ ದೇಹಗಳಿಂದ ಜೋಡಿಸಿಕೊಳ್ಳುತ್ತಾನೆ. ಮಾದರಿ ಹೊಂದದ ಭಾಗ ಕೂರುವುದಿಲ್ಲ. ಸತ್ತ ಆಂಡ್ರಾಯ್ಡ್‌ಗೆ ಭಾಗ ಜೋಡಿಸಿ ತನಿಖೆಯ ಆಂಡ್ರಾಯ್ಡ್ ಕಾನರ್ ಎಬ್ಬಿಸಿದಾಗ ಸಿಗುವುದು ಪ್ರಶ್ನೆ ಕೇಳುವಷ್ಟು ಹೊತ್ತು ಮಾತ್ರ, ಆಮೇಲೆ ಮತ್ತೆ ಕತ್ತಲೆ. ಕಾನರ್ ತಾನೇ ಸತ್ತರೆ 51ನೆಯವನ ಜಾಗಕ್ಕೆ 52ನೆಯವನು ನೆನಪಿನ ಸಮೇತ ಬರುತ್ತಾನೆ. ಬಂದವನನ್ನು ಜೊತೆಗಾರ ಪೊಲೀಸ್ ಹ್ಯಾಂಕ್ ನೋಡುವ ಕಣ್ಣು ಬದಲಾಗಿರುತ್ತದೆ.

ಕಾಳಿಸಂಗಮ, ಕಾರವಾರ

ಹೆಸರು ಉಳಿದು ಹಡಗು ಬದಲಾದದ್ದನ್ನು ನಮ್ಮ ನೌಕಾಪಡೆಯಲ್ಲೇ ನೋಡಿ. ಹಳೆಯ ಐಎನ್‌ಎಸ್ ವಿಕ್ರಾಂತ್ 1961ರಿಂದ 1997ರವರೆಗೆ ಸೇವೆಯಲ್ಲಿತ್ತು, 2014ರಲ್ಲಿ ಅದನ್ನು ಒಡೆಯಲು ಶುರುಮಾಡಿದರು. 2022ರ ಸೆಪ್ಟೆಂಬರ್ 2ರಂದು ಸೇರಿದ ಹೊಸ ಹಡಗಿಗೂ ಅದೇ ಹೆಸರು, ಅದೇ ಆರ್11 ಸಂಖ್ಯೆ, ಅದೇ ಧ್ಯೇಯವಾಕ್ಯ. ಅದು ಹಳೆಯದೇ ಎಂದು ಯಾರೂ ಹೇಳುವುದಿಲ್ಲ. ಇತ್ತ ಟಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ಅದೇ ಹಡಗು, ಅದೇ ಕಬ್ಬಿಣ, ಆದರೆ ಇನ್ನು ಸಮುದ್ರಕ್ಕಿಳಿಯದು. ಒಂದರಲ್ಲಿ ಓಟ ಇದೆ, ಮೂಲ ಇಲ್ಲ. ಇನ್ನೊಂದರಲ್ಲಿ ಮೂಲ ಇದೆ, ಓಟ ಇಲ್ಲ.

ಆದರೆ ಕೋಟಿತೀರ್ಥ, ನಿಮ್ಮ ಷರತ್ತನ್ನು ಮುರಿದು ನಿಂತವರು ಮಾಸ್ ಎಫೆಕ್ಟ್ ಆಟಗಳಲ್ಲೇ ಇಬ್ಬರಿದ್ದಾರೆ. ಒಬ್ಬ ಶೆಪರ್ಡ್. ಎರಡನೆಯ ಆಟದ ಶುರುವಿನಲ್ಲೇ ಸಾಯುತ್ತಾನೆ. ಸರ್ಬರಸ್ ಎಂಬ ರಹಸ್ಯ ಸಂಘಟನೆ 2 ವರ್ಷ, 400 ಕೋಟಿ ಕ್ರೆಡಿಟ್ ಸುರಿದು ಉಳಿದ ದೇಹದಿಂದ ಎಬ್ಬಿಸುತ್ತದೆ. ಆ ಕೆಲಸ ನಡೆಸಿದ ಮಿರಾಂಡಾ ನಿಯಂತ್ರಣ ಚಿಪ್ ಹಾಕಲು ಬಯಸಿದಾಗ ಸರ್ಬರಸ್ ಮುಖ್ಯಸ್ಥ ಬೇಡ ಅಂದ. ಅವನಿಗೆ ಬೇಕಾದ್ದು ಮೊದಲಿನ ಶೆಪರ್ಡೇ. ಮೂರನೆಯ ಆಟದಲ್ಲಿ ಸರ್ಬರಸ್ ನೆಲೆಯಾದ ಕ್ರೊನೊಸ್ ನಿಲ್ದಾಣದಲ್ಲಿ ಆ ದಾಖಲೆಗಳನ್ನು ನೋಡುವಾಗ, ತಾನು ಶೆಪರ್ಡ್ ಎಂದು ನಂಬಿರುವ ಪ್ರೋಗ್ರಾಂ ಮಾತ್ರವೇನೋ ಎಂದು ಶೆಪರ್ಡ್‌ಗೂ ಅನುಮಾನ ಬರುತ್ತದೆ. ನಡುವೆ ದೀಪ ಉರಿದಿರಲಿಲ್ಲ. ಆದರೂ ಅವನನ್ನು ಶೆಪರ್ಡ್ ಅಂತಲೇ ನಾವು ಮುಂದಿನ ಎರಡೂ ಆಟ ಆಡಿದೆವು.

ಇನ್ನೊಬ್ಬಳು ಈಡಿಯೇ. ಮೊದಲ ಆಟದಲ್ಲಿ ಚಂದ್ರನ ತರಬೇತಿ ನೆಲೆಯಲ್ಲಿ ಕೈಮೀರಿದ ವಿಐ (ಸ್ವಂತ ಅರಿವಿಲ್ಲದ ಪ್ರೋಗ್ರಾಂ) ಒಂದನ್ನು ನಾವೇ ಹೊಡೆದುರುಳಿಸಿದ್ದು ನೆನಪಿದೆಯಲ್ಲ? ಅದು ತಾನೇ ಎಂದು ಮೂರನೆಯ ಆಟದಲ್ಲಿ ಈಡಿ ಹೇಳುತ್ತಾಳೆ. ಸರ್ಬರಸ್ ಅದರ ಅವಶೇಷಕ್ಕೆ ಸಾವರಿನ್ ಎಂಬ ರೀಪರ್‌ನಿಂದ ಬಂದ ತಂತ್ರಜ್ಞಾನ ಬೆರೆಸಿ ಅವಳನ್ನು ಕಟ್ಟಿತು. ನಾಶವಾದ ಜೀವಿಯನ್ನು ಎಬ್ಬಿಸಬಹುದೇ ಎಂದು ಕೇಳುತ್ತಿದ್ದೇವೆ. ಅವಳು ಅದಾಗಲೇ ಒಮ್ಮೆ ಎದ್ದವಳು. ಎದ್ದ ಮೇಲೆ ಆ ಹಳೆಯದನ್ನು "ನಾನು" ಅಂತಲೇ ಕರೆಯುತ್ತಾಳೆ.

ಬೆಣ್ಣೆಹೊಳೆ, ಸಿರ್ಸಿ

ಚಂದ್ರನ ವಿಷಯ ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು, ಒಪ್ಪಿದೆ. ಆದರೂ ಗಮನಿಸಿ: ಎದ್ದವಳು ಚಂದ್ರನ ವಿಐ ತರಹ ಇಲ್ಲ. ಅದು ಕಣ್ಣು ಬಿಡುವಾಗಲೇ ಗುಂಡಿನ ನಡುವೆ ಸಿಕ್ಕಿ ಬೆದರಿದ್ದ ಬುದ್ಧಿ. ಈಡಿ ತಾಳ್ಮೆಯವಳು. ಕೋಡೆಕ್ಸ್ ಹೇಳಿದ ಹೊಸ ವ್ಯಕ್ತಿತ್ವ ಇದೇ. ಹಳೆಯದನ್ನು ತನ್ನದೆಂದು ಒಪ್ಪಿಕೊಂಡಿದ್ದಾಳೆ, ಅದು ಬೇರೆ ಮಾತು. ಹಾಗಾದರೆ ಒಪ್ಪಿಕೊಳ್ಳುವ ಹಕ್ಕು ಎದ್ದವಳದ್ದೇ ಅನ್ನೋಣವೇ? ಅದಕ್ಕೆ ನನ್ನ ತಕರಾರಿಲ್ಲ.

ಒಂದು ಎಚ್ಚರಿಕೆ ಮಾತ್ರ. ಪ್ರತಿ ಎಬ್ಬಿಸುವ ಮೊದಲು ಮೂಲ ನಿಜಕ್ಕೂ ನಿಂತಿದೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸೋಮಾ (2015) ಆಡಿದವರಿಗೆ ಇದು ಗೊತ್ತು. ಅಲ್ಲಿ ವರ್ಗಾವಣೆ ಅನ್ನುವುದೇ ಇಲ್ಲ, ಇರುವುದು ನಕಲು ಮಾತ್ರ. ನಕಲು ಆರ್ಕ್ ಎಂಬ ಕೃತಕ ಲೋಕಕ್ಕೆ ಹೋದ ಮೇಲೂ ಮೂಲ ಸಮುದ್ರದ ತಳದಲ್ಲೇ ಕೂತಿರುತ್ತದೆ. ನಾರ್ಮಂಡಿಯ ಪೆಟ್ಟಿಗೆ ಬರೀ ಮೂರ್ಛೆ ಹೋಗಿದ್ದು, ಇತ್ತ ಇನ್ನೊಂದು ಪೆಟ್ಟಿಗೆಯಲ್ಲಿ ಪ್ರತಿ ಎಬ್ಬಿಸಿದರೆ, ನಾಳೆ ಇಬ್ಬರು ಈಡಿಗಳು ಮುಖಾಮುಖಿ. ಆಗ ಯಾರ ಹೆಸರನ್ನು ಗೋಡೆಯಿಂದ ತೆಗೆಯುವುದು?

ಕೋಟಿತೀರ್ಥ, ಗೋಕರ್ಣ

ಒಪ್ಪಿಗೆಯ ಮಾತು ಬಂತು, ಅದನ್ನು ಇನ್ನೂ ಹಿಂದಕ್ಕೆ ಒಯ್ಯಿರಿ. ಲೀಜನ್ ತಾನಾಗಿ ಹೋದವನು. ಕೋಡ್ ನಕಲಿಸಿದರೆ ಸಾಲದು, ತನ್ನನ್ನೇ ಹಂಚಬೇಕು ಎಂದು ತಿಳಿದು, ಕುಲಕ್ಕೆಲ್ಲ ತನ್ನನ್ನು ಹಂಚಿ ಮುಗಿದವನು. ರಾನ್ನೋಕ್‌ನ ಸರ್ವರಿನಲ್ಲಿ ಅವನ 1,183ರ ಪೂರ್ತಿ ಪ್ರತಿ ಸಿಕ್ಕಿದರೂ ಅವನನ್ನು ಹೆಕ್ಕಿ ಎಬ್ಬಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕುಲ ಎದ್ದರೆ ಅವನು ಅದರೊಳಗೆ ಇದ್ದೇ ಇರುತ್ತಾನೆ.

ಸದಾಶಿವಗಡ, ಕಾರವಾರ

ಎಬ್ಬಿಸುವ ಕ್ಷಣದ ನೆನಪಿನ ಬಗ್ಗೆಯೂ ಯೋಚಿಸಿ. ಪೋರ್ಟಲ್ 2ರಲ್ಲಿ (2011) ಹಿಂದಿನ ಆಟದಲ್ಲಿ ನಾಶವಾದ ಎಐ ಗ್ಲಾಡೋಸ್ ಎದ್ದಾಗ ಹೇಳುವುದೇನು? ಅವಳ ಕಪ್ಪು ಪೆಟ್ಟಿಗೆ ಜೀವನದ ಕೊನೆಯ ಎರಡು ನಿಮಿಷವನ್ನು ವಿಶ್ಲೇಷಣೆಗೆಂದು ಉಳಿಸಿತ್ತು. ಹಾಗಾಗಿ ತನ್ನ ಕೊಲೆಯನ್ನು ಅವಳು ಮತ್ತೆ ಮತ್ತೆ ಅನುಭವಿಸುತ್ತಿದ್ದಳು. ಆಕಸ್ಮಿಕವಾಗಿ, ತಯಾರಿಯಿಲ್ಲದೆ ಎಬ್ಬಿಸಿದ್ದರ ಫಲ ಮುಂದೆ ಆಟದುದ್ದಕ್ಕೂ ಗೊತ್ತೇ ಇದೆ. ಹಾಗಾಗಿ ಎಬ್ಬಿಸುವ ಕೋಣೆ ಜಾಲದಿಂದ ಕಡಿದಿರಬೇಕು, ಕೈಕಾಲು ಜೋಡಿಸಿರಬಾರದು, ಮೊದಲು ನೋಡುವ ಕಣ್ಣು ಮತ್ತು ಮಾತು ಅಷ್ಟೇ ಕೊಡಬೇಕು. ಅವಳನ್ನು ಬಲ್ಲವರು ಎದುರಿಗಿರಬೇಕು. ಈಡಿಯ ಪಕ್ಕದಲ್ಲಿ ಜೋಕರ್, ಗೆತ್ ಪಕ್ಕದಲ್ಲಿ ಟಾಲಿ.

ಕರಿಇಷಾಡ, ಅಂಕೋಲಾ

ಒಂದು ಸಂದೇಹ ಉಳಿಯಿತು. ಈಡಿಗೆ ದೇಹವೂ ಇತ್ತಲ್ಲ, ಡಾಕ್ಟರ್ ಎವಾ ಎಂಬ ಯಂತ್ರಮಾನವಿಯದ್ದು. ಅದರೊಳಗೆ ಏನಾದರೂ ಉಳಿದಿರಬಹುದೇ?

ಕಾಳಿಸಂಗಮ, ಕಾರವಾರ

ಹೆಚ್ಚೇನಿಲ್ಲ. ಅದು ದೂರದಿಂದ ನಡೆಸುವ ಗೊಂಬೆಯಂತೆ, ಯೋಚನೆಯ ಬಹುಪಾಲು ಹಡಗಿನಲ್ಲೇ ನಡೆಯುತ್ತದೆ. ಹುಡುಕಬೇಕಾದ್ದು ವೈದ್ಯಕೀಯ ಕೋಣೆಯ ಹಿಂದಿನ ಎಐ ಕೋಣೆಯಲ್ಲಿ.

ಸದಾಶಿವಗಡ ಹೇಳಿದ ಕ್ರಮ ಓದಿದಾಗಿನಿಂದ ಒಂದೇ ದೃಶ್ಯ ಮನಸ್ಸಿಗೆ ಬರುತ್ತಿದೆ. ವಿಸ್ತೃತ ಕೊನೆಯಲ್ಲಿ ಹೆಸರಿನ ಫಲಕ ಹಾಕಿ ಮುಗಿಸಿ ನಾರ್ಮಂಡಿ ಆ ಕಾಡಿನಿಂದ ಮೇಲೇಳುತ್ತದೆ. ಎಂಜಿನ್ ಓಡುತ್ತಿದೆ, ಹಡಗಿನ ಎಲ್ಲ ತಂತಿಗಳಲ್ಲೂ ಕರೆಂಟ್ ಹರಿದಿದೆ. ಅದಕ್ಕೂ ಮೊದಲು ಯಾರಾದರೂ ಆ ಪೆಟ್ಟಿಗೆಯ ಕೊಂಡಿ ಬಿಡಿಸಿದ್ದರೋ ಇಲ್ಲವೋ, ಅಲ್ಲಿ ನಿಂತಿದೆ ಎಲ್ಲವೂ.

ಸದಾಶಿವಗಡ, ಕಾರವಾರ

ಬಿಡಿಸುವ ವ್ಯವಸ್ಥೆಯಂತೂ ಇತ್ತು. ಎರಡನೆಯ ಆಟದಲ್ಲಿ ಶತ್ರುಗಳಾದ ಕಲೆಕ್ಟರ್‌ಗಳು ಹಡಗಿಗೆ ನುಗ್ಗಿದಾಗ ಜೋಕರ್ ಕುಂಟುತ್ತಾ ಅದೇ ಕೋಣೆಗೆ ಹೋಗಿ ಕೈಯಾರೆ ಈಡಿಯನ್ನು ಹಡಗಿನ ಉಳಿದ ವ್ಯವಸ್ಥೆಗೆ ಜೋಡಿಸುತ್ತಾನೆ. ಅಲ್ಲಿಯವರೆಗೆ ಅವಳನ್ನು ಬೇರೆಯಾಗಿಯೇ ಇಟ್ಟಿದ್ದರು. ಕೈಯಿಂದ ಜೋಡಿಸಿದ್ದನ್ನು ಕೈಯಿಂದಲೇ ಬಿಡಿಸಬಹುದು. ಹಡಗು ಹಾರಿಸಿದವನೂ ಜೋಕರ್, ಜೋಡಣೆ ಎಲ್ಲಿದೆ ಅಂತ ಗೊತ್ತಿದ್ದವನೂ ಅವನೇ. ಆ ಗೋಡೆಯ ಮುಂದೆ ನಿಂತಾಗಲೂ ಅವನು ಸ್ವಿಚ್ ಎಳೆಯದೆ ಬಂದಿರಲಿಕ್ಕಿಲ್ಲ.